ಕಾರಿನ ಕೀ ಕಳೆದಾಗ: ಹೊಸ ಕೀ ಸಾಕೇ, ಲಾಕ್ ಸೆಟ್ ಬದಲಿಸಬೇಕೇ, ಬದಲಿಸುವ ಕೆಲಸ ನಾವೇ ಮಾಡಬಹುದೇ?

ಕಾರಿನ ಕೀ ಕಳೆದುಹೋದಾಗ ನಮ್ಮ ಮುಂದೆ ಬಂದು ನಿಲ್ಲುವುದು ಒಂದಲ್ಲ, ಎರಡು ಸಮಸ್ಯೆ. ನಿಂತ ವಾಹನವನ್ನು ಮತ್ತೆ ಓಡಿಸುವುದು ಹೇಗೆ ಎಂಬುದು ಮೊದಲನೆಯದು. ಕಳೆದ ಕೀ ಯಾರ ಕೈಗಾದರೂ ಸಿಕ್ಕರೆ ಅವರು ಅದೇ ವಾಹನವನ್ನು ಕೊಂಡೊಯ್ಯದಂತೆ ತಡೆಯುವುದು ಹೇಗೆ ಎಂಬುದು ಎರಡನೆಯದು. ಗಾಬರಿಯಲ್ಲಿ ಇವೆರಡನ್ನೂ ಒಂದೇ ಎಂದು ತಿಳಿದು, ಒಂದು ಕೀ ಮಾಡಿಸಿದರೆ ಸಾಕಾಗುತ್ತಿದ್ದ ಕಡೆ ಇಡೀ ಲಾಕ್ ಸೆಟ್ ಬದಲಿಸಿ ಹಣ ಸುರಿಯುವವರಿದ್ದಾರೆ. ಲಾಕ್ ಬದಲಿಸಲೇಬೇಕಾದ ಕಡೆ ಅಗ್ಗದ ಡೂಪ್ಲಿಕೇಟ್ ಕೀ ಮಾಡಿಸಿಕೊಂಡು ನಿಶ್ಚಿಂತರಾಗುವವರೂ ಇದ್ದಾರೆ. ನಿಮ್ಮದು ಇವೆರಡರಲ್ಲಿ ಯಾವ ಸಮಸ್ಯೆ, ಅಥವಾ ಎರಡೂ ಹೌದೇ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಮುಂದಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.

ಈ ತೀರ್ಮಾನಕ್ಕೆ ಕೀ ಎಲ್ಲಿ ಕಳೆಯಿತು ಎಂಬುದೇ ಮುಖ್ಯ ಆಧಾರ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ತೋಟದ ದರಗಿನ ನಡುವೆ ಬಿದ್ದ ಕೀಯಿಂದಾಗಲಿ, ಗೊರೂರಿನ ಹಿನ್ನೀರಿಗೆ ಜಾರಿದ ಕೀಯಿಂದಾಗಲಿ ಕಳ್ಳತನದ ಭಯ ಇಲ್ಲವೆಂದೇ ಹೇಳಬಹುದು. ಹಾಸನದ ಬಸ್ ನಿಲ್ದಾಣದಲ್ಲಿ ಕೈಚೀಲದ ಸಮೇತ ಕೀ ಕಳುವಾಗಿ, ಆ ಚೀಲದಲ್ಲಿ ಆರ್‌ಸಿ ಪ್ರತಿಯೋ ಮನೆಯ ವಿಳಾಸವಿರುವ ಬೇರೆ ಕಾಗದವೋ ಇದ್ದರೆ ಲೆಕ್ಕ ಪೂರ್ತಿ ಬೇರೆ. ಕೀಗೊಂಚಲಿಗೆ ವಾಹನದ ನಂಬರ್ ಬರೆದ ಚೀಟಿಯನ್ನು ಕಟ್ಟುವ ಪದ್ಧತಿ ನಮ್ಮಲ್ಲಿ ಅನೇಕರಿಗಿದೆ. ಅಂಥ ಗೊಂಚಲು ಊರೊಳಗೆ ಕಳೆದಿದ್ದರೆ ಎರಡನೆಯ ಸಮಸ್ಯೆಯೂ ಇದೆ ಎಂದೇ ಭಾವಿಸಿ ಮುಂದುವರಿಯುವುದು ಒಳ್ಳೆಯದು.

ಇದಕ್ಕೆ ಮಲೆನಾಡಿನಲ್ಲಿ ದೂರದ ಲೆಕ್ಕವೂ ಸೇರಿಕೊಳ್ಳುತ್ತದೆ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ಹೆಚ್ಚು ಮಾರಾಟವಾಗುವ ಕಂಪನಿಗಳ ಸರ್ವಿಸ್ ಸೆಂಟರ್‌ಗಳು ಈ ಎರಡು ಪಟ್ಟಣಗಳಲ್ಲಿ ಸಿಗುತ್ತವೆ. ಉಳಿದ ಕೆಲವಕ್ಕೆ ಮಂಗಳೂರು, ಮೈಸೂರು ಅಥವಾ ಬೆಂಗಳೂರನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಕೀ ಇಲ್ಲದ ಕಾರಿನ ಸ್ಟೇರಿಂಗ್ ಸಾಮಾನ್ಯವಾಗಿ ಲಾಕ್ ಆಗಿರುವುದರಿಂದ ಅದನ್ನು ಹಗ್ಗ ಕಟ್ಟಿ ಎಳೆದೊಯ್ಯುವಂತಿಲ್ಲ, ನಾಲ್ಕು ಚಕ್ರಗಳನ್ನೂ ನೆಲದಿಂದ ಮೇಲಕ್ಕೇರಿಸಿಕೊಳ್ಳುವ ಟೋಯಿಂಗ್ ಲಾರಿಯೇ ಬರಬೇಕು. ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳಲ್ಲಿ ಅಂಥ ಲಾರಿಯನ್ನು ತರಿಸುವುದು ಸಣ್ಣ ಕೆಲಸವಲ್ಲ. ಹಾಗಾಗಿ ಬೆಂಗಳೂರಿನವರಿಗೆ ಸರಿಹೊಂದುವ ಆಯ್ಕೆಯೇ ಇಲ್ಲಿಯವರಿಗೂ ಸರಿಹೊಂದುತ್ತದೆ ಎಂದು ಹೇಳಲಾಗದು. ವಾಹನ ನಿಂತಿರುವ ಜಾಗಕ್ಕೇ ಬಂದು ಕೆಲಸ ಮಾಡಿಕೊಡುವವರಿಗೆ ಇಲ್ಲಿ ಹೆಚ್ಚಿನ ಬೆಲೆಯಿದೆ.

ಒಂದು ಸಂದರ್ಭದಲ್ಲಿ ಮಾತ್ರ ಯಾವ ಹೋಲಿಕೆಯೂ ಬೇಡ. ಕೀ ಕಾರಿನೊಳಗೇ ಉಳಿದು ಬಾಗಿಲು ಲಾಕ್ ಆಗಿದ್ದು, ಒಳಗೆ ಮಗುವೋ ಅಶಕ್ತರೋ ಇದ್ದರೆ, ಅವರಿಂದ ದೂರವಿರುವ ಪಕ್ಕದ ಕಿಟಕಿಯ ಗಾಜನ್ನು ಮೂಲೆಯ ಕಡೆ ಹೊಡೆದು ಒಡೆಯಬೇಕು. ಪಕ್ಕದ ಗಾಜಿಗೆ ಮೂಲೆಯಲ್ಲಿ ಪೆಟ್ಟು ಕೊಟ್ಟರೆ ಬೇಗ ಒಡೆಯುತ್ತದೆ. ಮುಂದಿನ ಗಾಜು ಎರಡು ಪದರದ್ದಾಗಿರುವುದರಿಂದ ಅದರ ಗೊಡವೆಗೆ ಹೋಗಬಾರದು.

ನಿಮ್ಮ ಕೀಯಲ್ಲಿ ಚಿಪ್ ಇದೆಯೇ?

ಹಳೆಯ ಮಾರುತಿ 800, ಅಂಬಾಸಿಡರ್, ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳು, ಇವುಗಳ ಕೀ ಬರಿಯ ಲೋಹದ ತುಂಡು. ಹಲ್ಲುಗಳು ಹೊಂದಿಕೊಂಡರೆ ಲಾಕ್ ತಿರುಗುತ್ತದೆ, ಲಾಕ್ ತಿರುಗಿದರೆ ಎಂಜಿನ್ ಶುರುವಾಗುತ್ತದೆ. ಆನಂತರ ಬಂದ ಬಹುತೇಕ ಕಾರುಗಳಲ್ಲಿ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಇರುತ್ತದೆ. ಇಗ್ನಿಷನ್ ಲಾಕಿನ ಸುತ್ತ ಉಂಗುರದಂತೆ ಕೂರಿಸಿದ ತಂತಿಯ ಸುರುಳಿ ಆ ಚಿಪ್ಪಿಗೆ ಶಕ್ತಿ ಕೊಟ್ಟು ಅದರ ಸಂಕೇತವನ್ನು ಓದಿಕೊಳ್ಳುತ್ತದೆ. ಸಂಕೇತ ತಾಳೆಯಾಗದಿದ್ದರೆ ಲಾಕ್ ತಿರುಗಿದರೂ ಎಂಜಿನ್ ಚಾಲೂ ಆಗದಂತೆ ಕಾರಿನ ಕಂಪ್ಯೂಟರ್ ತಡೆಯುತ್ತದೆ. ಈ ವ್ಯವಸ್ಥೆಗೆ ಇಮ್ಮೊಬಿಲೈಸರ್ ಎಂದು ಹೆಸರು. ಮಾರುತಿಯವರು ತಮ್ಮ ಕಾರುಗಳಲ್ಲಿ ಇದನ್ನು ಐಕ್ಯಾಟ್ಸ್ ಎಂದು ಕರೆಯುತ್ತಾರೆ.

ಬಾಗಿಲು ತೆರೆಯುವ ರಿಮೋಟ್ ಬೇರೆ, ಎಂಜಿನ್ನಿಗೆ ಅಪ್ಪಣೆ ಕೊಡುವ ಚಿಪ್ ಬೇರೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ರಿಮೋಟಿಗೆ ಬ್ಯಾಟರಿ ಬೇಕು. ತಿರುಗಿಸುವ ಕೀಯ ಚಿಪ್ಪಿಗೆ ಬೇಡ. ಮಳೆಯಲ್ಲಿ ನೆನೆದು ರಿಮೋಟ್ ಸತ್ತುಹೋದ ಕೀಯಿಂದಲೂ ಕಾರು ಚಾಲೂ ಆಗುವುದು ಇದೇ ಕಾರಣಕ್ಕೆ. ಗುಂಡಿ ಒತ್ತಿ ಚಾಲೂ ಮಾಡುವ ಸ್ಮಾರ್ಟ್ ಕೀಯ ಬ್ಯಾಟರಿ ಮುಗಿದಿದ್ದರೂ ಅದರೊಳಗೆ ಬಾಗಿಲು ತೆರೆಯಲು ಒಂದು ಲೋಹದ ಕೀ ಅಡಗಿರುತ್ತದೆ, ಮತ್ತು ಅನೇಕ ಮಾದರಿಗಳಲ್ಲಿ ಸ್ಮಾರ್ಟ್ ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಎಂಜಿನ್ ಚಾಲೂ ಆಗುತ್ತದೆ. ಕೀ ಕೆಟ್ಟಿತೆಂದು ಸಾವಿರಾರು ರೂಪಾಯಿ ಖರ್ಚು ಮಾಡುವ ಮುನ್ನ ಸಣ್ಣ ನಾಣ್ಯದಂಥ ಆ ಬ್ಯಾಟರಿಯನ್ನು ಬದಲಿಸಿ ನೋಡಬೇಕು. ಬಹಳಷ್ಟು ಕೀಗಳಿಗೆ ಸಿಆರ್ 2032 ಎಂಬ ಅಳತೆಯದೇ ಆಗುತ್ತದೆ.

ಚಿಪ್ ಇರುವ ಕಾರಿನಲ್ಲಿ ಲಾಕನ್ನು ಮಾತ್ರ ಬದಲಿಸಿದರೆ ಕಾರು ಓಡುವುದಿಲ್ಲ. ಮಾರುಕಟ್ಟೆಯಿಂದ ತಂದ ಹೊಸ ಲಾಕ್ ಸೆಟ್ಟಿನ ಕೀ ಎಷ್ಟೇ ಸಲೀಸಾಗಿ ತಿರುಗಿದರೂ ಅದರ ಚಿಪ್ಪನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸದೆ ಎಂಜಿನ್ ಏಳದು. ಸ್ವತಃ ಲಾಕ್ ಬದಲಿಸಿಕೊಳ್ಳುತ್ತೇನೆಂದು ಹೊರಟವರಲ್ಲಿ ಬಹಳ ಮಂದಿ ಕೈಸೋಲುವುದು ಈ ಹಂತದಲ್ಲಿಯೇ. ಇದರ ಮಗ್ಗುಲಲ್ಲಿಯೇ ಒಂದು ಸಮಾಧಾನವೂ ಇದೆ: ಕಳೆದ ಕೀಯ ಚಿಪ್ಪನ್ನು ಕಂಪ್ಯೂಟರಿನ ನೆನಪಿನಿಂದ ಅಳಿಸಿಬಿಟ್ಟರೆ, ಲಾಕ್ ಬದಲಿಸದಿದ್ದರೂ, ಆ ಕೀ ಸಿಕ್ಕವನು ಬಾಗಿಲು ತೆರೆಯಬಲ್ಲನೇ ಹೊರತು ಅದರಿಂದ ಎಂಜಿನ್ ಚಾಲೂ ಮಾಡಲಾರ. ಕಾರಿನಲ್ಲಿ ಬೆಲೆಬಾಳುವ ವಸ್ತುಗಳನ್ನು ಬಿಡದವರಿಗೆ ಅನೇಕ ವೇಳೆ ಇಷ್ಟು ರಕ್ಷಣೆಯೇ ಸಾಕಾಗುತ್ತದೆ.

ಸರ್ವಿಸ್ ಸೆಂಟರೋ, ಕೀ ಮಾಡುವವರೋ?

ಚಿಪ್ ಇಲ್ಲದ ವಾಹನಕ್ಕೆ ಈ ಪ್ರಶ್ನೆಯೇ ಏಳದು. ಪೇಟೆಯಲ್ಲಿ ಕೀ ಮಾಡಿಕೊಡುವವರ ಬಳಿ ಹೋಗಬೇಕು. ಮಾದರಿಗೆ ಒಂದು ಕೀಯೂ ಉಳಿದಿಲ್ಲದಿದ್ದರೂ ನುರಿತವರು ಲಾಕನ್ನೇ ನೋಡಿ ಕೀ ಮಾಡುತ್ತಾರೆ. ಹಲ್ಲಿಲ್ಲದ ಹಿತ್ತಾಳೆಯ ಖಾಲಿ ಕೀಯನ್ನು ಲಾಕಿನೊಳಗೆ ತೂರಿಸಿ, ಬಿಗಿಯಾಗಿ ತಿರುಗಿಸಲು ನೋಡಿ, ಹೊರಗೆಳೆದು ಬೆಳಕಿಗೆ ಹಿಡಿದರೆ ಒಳಗಿನ ತಗಡುಗಳು ಒತ್ತಿದ ಕಡೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡಿರುತ್ತದೆ. ಆ ಗೆರೆಯಿರುವ ಕಡೆ ಮಾತ್ರ ಅರದಿಂದ ಒಂದೆರಡು ಸಲ ಉಜ್ಜಿ ಮತ್ತೆ ತೂರಿಸುತ್ತಾರೆ. ಗೆರೆ ಬೀಳುವುದು ನಿಂತ ಕಡೆ ಉಜ್ಜುವುದನ್ನು ನಿಲ್ಲಿಸಿ ಮುಂದಿನ ಹಲ್ಲಿಗೆ ಹೋಗುತ್ತಾರೆ. ಹೀಗೆ ಹಂತಹಂತವಾಗಿ ಹಲ್ಲು ಮೂಡಿ ಕೊನೆಗೆ ಲಾಕ್ ತಿರುಗಿದಾಗ, ಒಂದು ಭಾಗವನ್ನೂ ಬಿಚ್ಚದೆ ಕೀ ಸಿದ್ಧವಾಗಿರುತ್ತದೆ. ಕೈಚಳಕಕ್ಕೆ ಸಿಗಬೇಕಾದ ಗೌರವ ಈ ಕಸುಬಿಗೆ ಸಿಕ್ಕಿಲ್ಲ. ಖರ್ಚು ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿಯೇ ಮುಗಿಯುತ್ತದೆ.

ಚಿಪ್ ಇರುವ ಕಾರಿಗೆ ಸರ್ವಿಸ್ ಸೆಂಟರಿಗೆ ಹೋದರೆ ಅವರು ಆರ್‌ಸಿ, ಗುರುತಿನ ಚೀಟಿ ಮತ್ತು ಕೆಲವು ಕಡೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯನ್ನು ಕೇಳಿ, ಚಾಸಿ ನಂಬರಿನ ಆಧಾರದ ಮೇಲೆ ಕೀಗೆ ಬೇಡಿಕೆ ಕಳುಹಿಸುತ್ತಾರೆ. ಕೀ ಬರಲು ದಿನಗಳು ಹಿಡಿಯುತ್ತವೆ, ಬಂದ ಮೇಲೆ ಅದನ್ನು ಜೋಡಿಸಲು ಕಾರು ಅಲ್ಲಿಯೇ ಇರಬೇಕು. ಖರ್ಚು ಸಾವಿರಗಳಲ್ಲಿ ಆಗುತ್ತದೆ. ಸ್ಮಾರ್ಟ್ ಕೀಯಾದರೆ ಹತ್ತು ಸಾವಿರವನ್ನು ದಾಟುವುದೂ ಉಂಟು. ಎಲ್ಲ ಕೀಗಳೂ ಕಳೆದಿದ್ದರೆ ಕೆಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್ ಘಟಕವನ್ನೇ ಬದಲಿಸುವ ಪ್ರಸಂಗ ಬರುತ್ತದೆ. ಒಂದು ಕೀ ಮಾತ್ರ ಕೇಳಿದವರಿಗೂ ಇಡೀ ಲಾಕ್ ಸೆಟ್ಟನ್ನೇ ಸೂಚಿಸುವ ರೂಢಿ ಕೆಲವು ಕಡೆ ಇರುವುದರಿಂದ, ಒಂಟಿ ಕೀ ಸಿಗುತ್ತದೆಯೇ, ಸಿಗದಿದ್ದರೆ ಯಾಕೆ, ಕಳೆದ ಕೀಯನ್ನು ಅಳಿಸಿಕೊಡುತ್ತೀರಾ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯುವುದು ಉಚಿತ. ವಾರಂಟಿಯಲ್ಲಿರುವ ಕಾರಿಗೆ ಈ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರೋಗ್ರಾಮಿಂಗ್ ಯಂತ್ರವನ್ನು ಹೊತ್ತು ವಾಹನವಿರುವಲ್ಲಿಗೇ ಬರುವ ಸ್ವತಂತ್ರ ಕೆಲಸಗಾರರದು ಇನ್ನೊಂದು ದಾರಿ. ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಒಬಿಡಿ ಜೋಡಣೆಗೆ (ಕಾರಿನ ಕಂಪ್ಯೂಟರಿನೊಡನೆ ಸಂಪರ್ಕಿಸಲು ಇರುವ ಸಾಕೆಟ್) ಯಂತ್ರವನ್ನು ಸಿಕ್ಕಿಸಿ ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ಬೇಗ ಆಗುತ್ತದೆ, ಅಗ್ಗವೂ ಹೌದು, ಟೋಯಿಂಗ್ ಖರ್ಚೂ ಉಳಿಯುತ್ತದೆ. ವಾರಂಟಿ ಮುಗಿದ, ಜಿಲ್ಲಾ ಕೇಂದ್ರದಿಂದ ದೂರದಲ್ಲಿ ನಿಂತಿರುವ ಕಾರಿಗೆ ನಾನು ಇದನ್ನೇ ಮೊದಲ ಆಯ್ಕೆಯಾಗಿ ಸೂಚಿಸುತ್ತೇನೆ. ಆದರೆ ಕೆಲಸ ಶುರುವಾಗುವ ಮುನ್ನ ಕಾರಿನ ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿರಬೇಕು, ಏಕೆಂದರೆ ಪ್ರೋಗ್ರಾಮಿಂಗ್ ನಡುವೆ ವೋಲ್ಟೇಜ್ ಕುಸಿದರೆ ಕಂಪ್ಯೂಟರಿನ ಮಾಹಿತಿಯೇ ಕೆಡುವ ಅಪಾಯವಿದೆ. ಆರ್‌ಸಿ ತೋರಿಸಿ ಎಂದು ಕೇಳದೆ ಕೆಲಸಕ್ಕೆ ಕೈಹಾಕುವವರನ್ನು ಅಲ್ಲಿಗೇ ನಿಲ್ಲಿಸಬೇಕು. ನಿಮ್ಮ ಬಳಿ ದಾಖಲೆ ಕೇಳದವರು ನಾಳೆ ನಿಮ್ಮ ಕಾರಿನ ಪಕ್ಕದಲ್ಲಿ ನಿಂತ ಇನ್ನೊಬ್ಬರ ಬಳಿಯೂ ಕೇಳುವುದಿಲ್ಲ.

ಇಲ್ಲಿ ಬಹಳ ಜನರಿಗೆ ಗೊತ್ತಾಗದೆ ಹೋಗುವ ಒಂದು ವ್ಯತ್ಯಾಸವಿದೆ. ಚಿಪ್ ಕೀಗೆ ಜೊತೆ ಮಾಡುವುದಕ್ಕೆ ಎರಡು ವಿಧಾನಗಳಿವೆ. ಹೊಸ ಸಂಕೇತವಿರುವ ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸುವುದು ಒಂದು. ಇರುವ ಕೀಯ ಸಂಕೇತವನ್ನೇ ಹೊಸ ಚಿಪ್ಪಿಗೆ ನಕಲು ಮಾಡುವುದು ಇನ್ನೊಂದು. ಎರಡನೆಯ ವಿಧಾನಕ್ಕೆ ಕಾರಿನ ಹತ್ತಿರ ಹೋಗಬೇಕಾಗಿಯೂ ಇಲ್ಲದ್ದರಿಂದ ಅದು ಅಗ್ಗ. ಆದರೆ ನಕಲು ಮಾಡಿದ ಕೀಗೂ ಮೂಲ ಕೀಗೂ ಕಾರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದಕಾರಣ ಆ ಎರಡರಲ್ಲಿ ಒಂದು ಕಳೆದಾಗ ಅದನ್ನು ಮಾತ್ರ ಅಳಿಸುವುದು ಅಸಾಧ್ಯ. ಅಳಿಸಿದರೆ ಎರಡೂ ಹೋಗುತ್ತವೆ. ಕಳ್ಳತನದ ಭಯವಿರುವವರು ನಕಲು ಕೀಯನ್ನು ಒಪ್ಪಿಕೊಳ್ಳಲೇಬಾರದು. ಉಳಿದಿರುವ ಎಲ್ಲ ಕೀಗಳನ್ನೂ ಒಟ್ಟಿಗೆ ತಂದು, ನೆನಪಿನಲ್ಲಿರುವುದನ್ನೆಲ್ಲ ಅಳಿಸಿಸಿ, ಕೈಯಲ್ಲಿರುವ ಕೀಗಳನ್ನು ಮಾತ್ರ ಮತ್ತೆ ಸೇರಿಸುವಂತೆ ಕೇಳಬೇಕು. ಕೆಲಸ ಮುಗಿದ ಮೇಲೆ ಈಗ ಎಷ್ಟು ಕೀಗಳು ದಾಖಲಾಗಿವೆ ಎಂಬುದು ಅನೇಕ ಕಾರುಗಳಲ್ಲಿ ಯಂತ್ರದ ಪರದೆಯ ಮೇಲೆಯೇ ಕಾಣುತ್ತದೆ. ಅದನ್ನು ಕಣ್ಣಾರೆ ನೋಡಿದ ಬಳಿಕವೇ ಹಣ ಕೊಡಿ.

ಒಂದು ಕೀ ಉಳಿದಿರುವವರು ಈ ಕೆಲಸವನ್ನು ಮುಂದೂಡಬಾರದು. ಕೈಯಲ್ಲಿ ಕೆಲಸ ಮಾಡುವ ಒಂದು ಕೀ ಇದ್ದಾಗ ಇನ್ನೊಂದನ್ನು ಸೇರಿಸುವುದು ಸುಲಭ. ಅದೂ ಕಳೆದ ದಿನ ಕಾರು ನಿಂತಲ್ಲಿಂದ ಅಲುಗದು, ಖರ್ಚು ಹಲವು ಪಟ್ಟು ಏರುತ್ತದೆ. ಹೊಸ ಕಾರಿನ ಕೀಗೊಂಚಲಿನ ಜೊತೆ ಸಂಖ್ಯೆ ಕೊರೆದ ಒಂದು ಚಿಕ್ಕ ಬಿಲ್ಲೆಯನ್ನು ಕೆಲವು ಕಂಪನಿಗಳು ಕೊಡುತ್ತವೆ. ಆ ಸಂಖ್ಯೆಯಿಂದ ಹಲ್ಲುಗಳ ಆಳ ತಿಳಿಯುವುದರಿಂದ, ಅದನ್ನು ಗೊಂಚಲಿನಿಂದ ಬಿಡಿಸಿ ಮನೆಯ ಬೀರುವಿನಲ್ಲಿ ಇಡಬೇಕು.

ಲಾಕನ್ನು ನಾವೇ ಬದಲಿಸುವುದು

ಬಾಗಿಲಿನ ಲಾಕ್ ಮತ್ತು ಇಗ್ನಿಷನ್ ಲಾಕ್, ಇವೆರಡನ್ನೂ ಒಂದೇ ಬಗೆಯ ಕೆಲಸವೆಂದು ಎಣಿಸಬಾರದು. ಸ್ಕ್ರೂಡ್ರೈವರ್, ಸ್ಪಾನರ್ ಹಿಡಿದು ರೂಢಿಯಿರುವ ಯಾರಾದರೂ ಬಾಗಿಲಿನ ಲಾಕನ್ನು ಅರ್ಧ ದಿನದಲ್ಲಿ ಬದಲಿಸಬಹುದು. ಇಗ್ನಿಷನ್ ಲಾಕಿನಲ್ಲಿ ಆಗುವ ತಪ್ಪು ಪ್ರಾಣಕ್ಕೇ ಎರವಾಗಬಹುದು.

ಬಾಗಿಲಿನದನ್ನು ಮೊದಲು ನೋಡೋಣ. ಕೆಲವು ಕಾರುಗಳಲ್ಲಿ ಬಾಗಿಲಿನ ಅಂಚಿನ ರಬ್ಬರ್ ಬಿರಡೆಯನ್ನು ತೆಗೆದು, ಅದರ ಹಿಂದಿನ ಒಂದೇ ತಿರುಪನ್ನು ಸಡಿಲಿಸಿದರೆ ಲಾಕಿನ ಬ್ಯಾರೆಲ್, ಅಂದರೆ ಕೀ ತೂರಿಸುವ ಉರುಳೆಯಂಥ ಭಾಗ, ಹೊರಗಿನಿಂದಲೇ ಕೈಗೆ ಬರುತ್ತದೆ. ಉಳಿದವುಗಳಲ್ಲಿ ಒಳಗಿನ ಪ್ಯಾನೆಲ್ ಬಿಚ್ಚಬೇಕು: ಒಳಹಿಡಿಕೆಯ ಹಿಂದೆ ಒಂದು ತಿರುಪು, ಕೈಯೂರುವ ಕಡೆ ಒಂದೆರಡು, ಸುತ್ತಲೂ ಪ್ಲಾಸ್ಟಿಕ್ ಕ್ಲಿಪ್ಪುಗಳು. ಪ್ಯಾನೆಲ್ಲಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಬೇಕು. ನೋಡಲು ಕ್ಷುಲ್ಲಕವಾದ ಈ ಹಾಳೆಯನ್ನು ಮರಳಿ ಸರಿಯಾಗಿ ಅಂಟಿಸದಿದ್ದರೆ ಜೂನ್ ತಿಂಗಳ ಮಳೆ ಶುರುವಾದೊಡನೆ ಗಾಜಿನ ಸಂದಿನಿಂದ ಇಳಿದ ನೀರು ಕಾಲಡಿಯ ಹಾಸನ್ನು ನೆನೆಸಿ, ಮೂಡಿಗೆರೆ, ಸಕಲೇಶಪುರದ ಕಡೆ ಸೆಪ್ಟೆಂಬರ್‌ವರೆಗೂ ಅದು ಒಣಗದೆ ಬೂಸ್ಟು ಹಿಡಿಯುತ್ತದೆ. ಹಾಳೆಯ ಹಿಂದೆ ಕೈಹಾಕುವಾಗ ತಗಡಿನ ಅಂಚು ಹರಿತವಾಗಿರುವುದರಿಂದ ಕೈಗವಸು ಬೇಕೇ ಬೇಕು. ಬ್ಯಾರೆಲ್ಲನ್ನು ಹಿಡಿದಿರುವ ಕ್ಲಿಪ್ಪನ್ನು ಎಳೆದು, ಅದಕ್ಕೆ ಸಿಕ್ಕಿಸಿರುವ ತೆಳುವಾದ ಕಂಬಿಯನ್ನು ಬಿಡಿಸಿದರೆ ಹಳೆಯದು ಕಳಚಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಆ ಕಂಬಿಯ ಪ್ಲಾಸ್ಟಿಕ್ ಕೊಂಡಿ ಮುಟ್ಟಿದರೆ ಮುರಿಯುವಷ್ಟು ಒಣಗಿರುತ್ತದೆ, ಹಾಗಾಗಿ ಒಂದೆರಡು ಕೊಂಡಿಗಳನ್ನು ಮೊದಲೇ ತಂದಿಟ್ಟುಕೊಳ್ಳುವುದು ಲೇಸು.

ಹೊಸದನ್ನು ಕೂರಿಸಿದ ಮೇಲೆ ಬಾಗಿಲನ್ನು ತೆರೆದಿಟ್ಟೇ ಪರೀಕ್ಷಿಸಬೇಕು. ಬಾಗಿಲ ಅಂಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತಂದು, ಕೀ ತಿರುಗಿಸಿ, ಹಿಡಿಕೆ ಎಳೆದು ಕೊಕ್ಕೆ ಬಿಡುತ್ತದೆಯೇ ನೋಡಬೇಕು. ಕಂಬಿ ತಪ್ಪಾಗಿ ಜೋಡಣೆಯಾಗಿದ್ದಾಗ ಬಾಗಿಲು ಮುಚ್ಚಿಬಿಟ್ಟರೆ ಪ್ಯಾನೆಲ್ ಬಿಚ್ಚುವ ದಾರಿಯೂ ಮುಚ್ಚಿದಂತೆಯೇ.

ಇಗ್ನಿಷನ್ ವಿಷಯಕ್ಕೆ ಬಂದರೆ, ಕೆಲಸ ಮಾಡುವ ಕೀ ಒಂದು ಕೈಯಲ್ಲಿದ್ದರೆ ಅನೇಕ ವಾಹನಗಳಲ್ಲಿ ಬ್ಯಾರೆಲ್ ತೆಗೆಯುವುದು ಕಷ್ಟವಲ್ಲ. ಕೀಯನ್ನು ಎಸಿಸಿ ಸ್ಥಾನಕ್ಕೆ (ಎಂಜಿನ್ ಚಾಲೂ ಆಗದೆ ರೇಡಿಯೊದಂಥವು ಮಾತ್ರ ನಡೆಯುವ ಸ್ಥಾನ) ತಿರುಗಿಸಿ, ಪಕ್ಕದ ಸಣ್ಣ ತೂತಿನಲ್ಲಿ ತೆಳುವಾದ ಕಡ್ಡಿಯಿಂದ ಒಳಪಿನ್ನನ್ನು ಒತ್ತಿದರೆ ಬ್ಯಾರೆಲ್ ಹೊರಬರುತ್ತದೆ. ಕೀ ಇಲ್ಲದಿದ್ದರೆ ಡ್ರಿಲ್ ಮಾಡಬೇಕು. ಇಡೀ ಲಾಕ್ ಕವಚವನ್ನು ತೆಗೆಯಬೇಕಾದರೆ ಅದನ್ನು ಸ್ಟೇರಿಂಗ್ ಕಂಬಕ್ಕೆ ಬಿಗಿದಿರುವುದು ಬಿಗಿದ ಮೇಲೆ ತಲೆಯೇ ಮುರಿದುಹೋಗುವ ಬೋಲ್ಟುಗಳಿಂದ, ಕಳ್ಳರಿಗೆ ಬಿಚ್ಚಲಾಗದಿರಲೆಂದೇ ಮಾಡಿದ ಏರ್ಪಾಡು ಅದು. ಮನೆಯಂಗಳದಲ್ಲಿ ಈ ಕೆಲಸಕ್ಕೆ ಇಳಿಯಬಾರದು. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾಯದೆ ಸ್ಟೇರಿಂಗಿನ ಸುತ್ತಲ ಕವಚವನ್ನು ಮುಟ್ಟುವುದು ಕೂಡ ಅಪಾಯ. ನನ್ನ ಸಲಹೆ ನೇರವಾಗಿದೆ: ಏರ್‌ಬ್ಯಾಗ್ ಇಲ್ಲದ, ಚಿಪ್ ಇಲ್ಲದ, ಒಂದು ಕೀ ಕೈಯಲ್ಲಿರುವ ಹಳೆಯ ವಾಹನವಾದರೆ ಮಾತ್ರ ಇಗ್ನಿಷನ್ ಲಾಕನ್ನು ಸ್ವತಃ ಬದಲಿಸಿ, ಉಳಿದ ಎಲ್ಲದಕ್ಕೂ ಮೆಕ್ಯಾನಿಕ್‌ಗಳನ್ನು ಕರೆಯಿರಿ. ಯಾರೇ ಬದಲಿಸಿದರೂ, ಎಂಜಿನ್ ಓಡುತ್ತಿರುವಾಗ ಕೀ ಹೊರಬರುವುದಿಲ್ಲವೆಂದೂ, ಆನ್ ಸ್ಥಾನದಲ್ಲಿ ಸ್ಟೇರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗುತ್ತದೆಂದೂ ನಿಂತ ಜಾಗದಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಲಾಕ್ ಬಿದ್ದರೆ ಪರಿಣಾಮವೇನೆಂದು ವಿವರಿಸಬೇಕಾಗಿಲ್ಲ.

ಹಳೆಯ ವಾಹನಗಳಿಗೆ ಹೊಸ ಲಾಕ್ ಸೆಟ್ ಸಿಗದಿದ್ದರೆ ಇನ್ನೊಂದು ಉಪಾಯವಿದೆ. ಬ್ಯಾರೆಲ್ಲಿನೊಳಗೆ ಸಾಲಾಗಿ ಕೂತಿರುವ ತೆಳು ತಗಡುಗಳು ಬೇರೆ ಬೇರೆ ಅಳತೆಯವು, ಹಲವುಗಳ ಮೇಲೆ ಆ ಅಳತೆಯ ಅಂಕಿಯೂ ಇರುತ್ತದೆ. ಅವುಗಳಲ್ಲಿ ಕೆಲವನ್ನು ಅದಲುಬದಲು ಮಾಡಿ, ಹೊಸ ಕ್ರಮಕ್ಕೆ ತಕ್ಕಂತೆ ಕೀ ಕತ್ತರಿಸಿದರೆ ಕಳೆದ ಕೀ ಆ ಲಾಕಿಗೆ ಹೊಂದುವುದಿಲ್ಲ. ಸಾಸಿವೆಯಷ್ಟು ಸಣ್ಣ ಸ್ಪ್ರಿಂಗುಗಳು ಚಿಮ್ಮಿ ಕಳೆದುಹೋಗುವುದರಿಂದ ಬಿಳಿಯ ಬಟ್ಟೆ ಹಾಸಿಕೊಂಡು ಮಾಡಬೇಕಾದ ಕೆಲಸವಿದು. ತಾಳ್ಮೆಯಿದ್ದವರಿಗೆ ಎಲ್ಲಕ್ಕಿಂತ ಅಗ್ಗದ ದಾರಿಯೂ ಹೌದು. ಬಾಗಿಲು, ಇಗ್ನಿಷನ್ನುಗಳ ಜೊತೆಗೆ ಡಿಕ್ಕಿ ಮತ್ತು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ಅದೇ ಕೀ ಹೊಂದುತ್ತಿತ್ತು ಎಂಬುದನ್ನು ಮರೆಯಬಾರದು. ಅವನ್ನು ಹಾಗೆಯೇ ಬಿಟ್ಟರೆ ಮುಂದೆ ಎರಡು ಕೀಗಳನ್ನು ಹೊತ್ತು ತಿರುಗಬೇಕಾಗುತ್ತದೆ, ಡಿಕ್ಕಿಯ ಮೂಲಕ ಒಳನುಗ್ಗುವ ದಾರಿಯೂ ತೆರೆದೇ ಇರುತ್ತದೆ.

ವಿಮೆ ಮತ್ತು ದೂರು

ಕೀ ಕಳೆದ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯುವುದನ್ನು ಯಾವ ಆಯ್ಕೆಯವರೂ ಬಿಡುವಂತಿಲ್ಲ. ಮುಂದೆಂದಾದರೂ ವಾಹನ ಕಳುವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಮೂಲ ಕೀಗಳನ್ನು ಒಪ್ಪಿಸುವಂತೆ ಕೇಳುತ್ತವೆ. ಒಂದು ಕೀ ಇಲ್ಲ ಎಂಬುದಕ್ಕೆ ಹಿಂದಿನ ತಾರೀಕಿನ ದಾಖಲೆ ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟವಾಗುತ್ತದೆ. ಸಮಗ್ರ ವಿಮೆಗೆ ಹೆಚ್ಚುವರಿಯಾಗಿ ಕೀ ಬದಲಾವಣೆಯ ರಕ್ಷಣೆಯನ್ನು ಸೇರಿಸಿಕೊಂಡಿದ್ದರೆ ಹೊಸ ಕೀಯ ಬೆಲೆ, ಕೆಲವು ಪಾಲಿಸಿಗಳಲ್ಲಿ ಲಾಕ್ ಸೆಟ್ಟಿನ ಬೆಲೆಯೂ ಮಿತಿಗೊಳಪಟ್ಟು ಮರಳಿ ಬರುತ್ತದೆ, ಆದರೆ ಅದಕ್ಕೆ ಕೆಲಸ ಮಾಡಿಸುವ ಮೊದಲೇ ಕಂಪನಿಗೆ ತಿಳಿಸಿರಬೇಕು. ಲಾಕನ್ನು ಸ್ವತಃ ಬದಲಿಸಿದವರು ಬಿಡಿಭಾಗದ ಅಂಗಡಿಯ ಜಿಎಸ್‌ಟಿ ಬಿಲ್ಲನ್ನು ದೂರಿನ ಸ್ವೀಕೃತಿಯ ಜೊತೆಗೆ ಇಟ್ಟುಕೊಳ್ಳಬೇಕು. ವಾಹನವನ್ನು ಮಾರುವಾಗ ಕೀಯ ಮೇಲಿನ ಸಂಖ್ಯೆ ಕಂಪನಿಯ ದಾಖಲೆಗೆ ಯಾಕೆ ಹೊಂದುತ್ತಿಲ್ಲ ಎಂದು ಕೊಳ್ಳುವವರು ಕೇಳಿದರೆ ತೋರಿಸಲು ಇರುವುದು ಆ ಬಿಲ್ಲು ಒಂದೇ.